ಕಾಫಿಗೆ ಒಂದು ಗಂಟೆ ಮೊದಲು: ಥೈರಾಯ್ಡ್ ಮಾತ್ರೆ ನುಂಗುವವರಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ನನ್ನ ಅಮ್ಮನಿಗೆ ಥೈರಾಯ್ಡ್ ಮಾತ್ರೆ ಬರೆದುಕೊಟ್ಟ ಮೊದಲ ಮೂರು ವರ್ಷ ಅದು ಅವರ ಮೈಗೆ ಹತ್ತಲೇ ಇಲ್ಲ. 50 ಮೈಕ್ರೋಗ್ರಾಂ ಇದ್ದದ್ದು 75 ಆಯಿತು, 100 ಆಯಿತು, 125 ಆಯಿತು. ರಕ್ತಪರೀಕ್ಷೆಯ ಅಂಕಿ ಒಮ್ಮೆ ಇಳಿದರೆ ಮತ್ತೊಮ್ಮೆ ಏರುತ್ತಿತ್ತು. ಮಧ್ಯಾಹ್ನ ಕುಳಿತಲ್ಲೇ ತೂಕಡಿಕೆ, ಬೇಸಿಗೆಯಲ್ಲೂ ಹೊದಿಕೆ, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಕೊನೆಗೊಮ್ಮೆ ಹೊಸ ವೈದ್ಯೆಯೊಬ್ಬರು ರಿಪೋರ್ಟುಗಳನ್ನೆಲ್ಲ ಪಕ್ಕಕ್ಕಿಟ್ಟು, “ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೀರಮ್ಮ?” ಎಂದು ಕೇಳಿದರು. “ಬೆಳಗಿನ ಕಾಫಿಯ ಜೊತೆ” ಎಂದರು ಅಮ್ಮ. ಮೂರು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಅದು.

ನಾನು ವೈದ್ಯೆಯಲ್ಲ. ಅಮ್ಮನ ಕಡತ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕಾದು, ಆಮೇಲೆ ನನಗೂ ಅದೇ ತೊಂದರೆ ಬಂದು, ಓದಿ ಕೇಳಿ ಕಲಿತವಳು. ಎಷ್ಟು ಮಾತ್ರೆ ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ಆ ಮಾತ್ರೆ ಹೊಟ್ಟೆಯಿಂದ ರಕ್ತಕ್ಕೆ ಸೇರುತ್ತದೆಯೋ ಇಲ್ಲವೋ ಎಂಬುದು ಬಹುಪಾಲು ನಮ್ಮ ಅಡುಗೆಮನೆಯಲ್ಲಿ, ಎದ್ದ ಮೊದಲ ಒಂದು ಗಂಟೆಯಲ್ಲಿ ತೀರ್ಮಾನವಾಗುತ್ತದೆ.

ಒಂದನೆಯ ಹೆಜ್ಜೆ: ಗ್ರಂಥಿ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ

“ನನಗೆ ಥೈರಾಯ್ಡ್ ಇದೆ” ಎಂದು ನಾವು ಹೇಳುವುದುಂಟು. ಥೈರಾಯ್ಡ್ ಎಲ್ಲರಿಗೂ ಇದೆ. ಗಂಟಲಮಣಿಯ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡು ಚಿಟ್ಟೆಯ ಆಕಾರದಲ್ಲಿ ಕುಳಿತಿರುವ, ಇಪ್ಪತ್ತು ಗ್ರಾಂ ಆಸುಪಾಸಿನ ಗ್ರಂಥಿ ಅದು. ಬೆವರಿನ ಗ್ರಂಥಿಗೂ ಜೊಲ್ಲಿನ ಗ್ರಂಥಿಗೂ ರಸ ಹರಿಯಲು ನಾಳವಿದೆ. ಥೈರಾಯ್ಡ್, ಪಿಟ್ಯುಟರಿ, ಅಡ್ರಿನಲ್‌ನಂಥವಕ್ಕೆ ನಾಳವಿಲ್ಲ. ಅವು ತಮ್ಮ ಹಾರ್ಮೋನನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆದ್ದರಿಂದಲೇ ಕನ್ನಡದಲ್ಲಿ ಅವುಗಳಿಗೆ ನಿರ್ನಾಳ ಗ್ರಂಥಿಗಳು ಎಂಬ ಹೆಸರು. ರಕ್ತ ಹೋದಲ್ಲೆಲ್ಲ ಹಾರ್ಮೋನೂ ಹೋಗುತ್ತದೆ. ಹಾಗಾಗಿ ಥೈರಾಯ್ಡ್ ಸೊರಗಿದರೆ ತೊಂದರೆ ಕುತ್ತಿಗೆಯಲ್ಲಿ ಉಳಿಯದೆ ಕರುಳು, ಚರ್ಮ, ಮುಟ್ಟು, ಮನಸ್ಸು ಎಲ್ಲದರಲ್ಲೂ ಕಾಣಿಸಿಕೊಳ್ಳುತ್ತದೆ.

ಈ ಗ್ರಂಥಿಯ ಕಚ್ಚಾವಸ್ತು ಅಯೋಡಿನ್. ನಾಲ್ಕು ಅಯೋಡಿನ್ ಪರಮಾಣುವಿರುವ ಹಾರ್ಮೋನು ಟಿ4, ಅಂದರೆ ಥೈರಾಕ್ಸಿನ್. ದೇಹ ಅದರಿಂದ ಒಂದನ್ನು ಕಳಚಿ ಟಿ3 ಮಾಡಿಕೊಳ್ಳುತ್ತದೆ. ಜೀವಕೋಶಗಳಲ್ಲಿ ಹೆಚ್ಚು ಕೆಲಸ ಮಾಡುವುದು ಈ ಟಿ3. ನಾವು ನುಂಗುವ ಮಾತ್ರೆ ಲಿವೋಥೈರಾಕ್ಸಿನ್, ಗ್ರಂಥಿ ತಯಾರಿಸುವ ಟಿ4ನದೇ ತದ್ರೂಪು. “ಒಮ್ಮೆ ಶುರು ಮಾಡಿದರೆ ಅದಕ್ಕೇ ದಾಸರಾಗುತ್ತೇವೆ” ಎಂದು ಹೆದರಿ ಮಾತ್ರೆಯನ್ನೇ ದೂರವಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮೈಗೆ ಬೇಕಾದ, ಮೈಯಲ್ಲಿ ಕಡಿಮೆಯಾದ ವಸ್ತುವನ್ನೇ ಹಿಂದಿರುಗಿಸುತ್ತಿದ್ದೇವೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ‍್ರೆ ಎಂಬ ವೈದ್ಯ, ಥೈರಾಯ್ಡ್ ಬತ್ತಿಹೋಗಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್‌ನಿಂದ ತೆಗೆದ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟ. ಆ ಮದ್ದನ್ನು ಮುಂದುವರಿಸಿಕೊಂಡು ಆಕೆ 28 ವರ್ಷ ಬದುಕಿ 74ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಇಂದು ಒಂದು ಪುಟ್ಟ ಮಾತ್ರೆ ಅದೇ ಕೆಲಸವನ್ನು ಇನ್ನೂ ನಿಖರವಾಗಿ ಮಾಡುತ್ತದೆ.

ಎರಡನೆಯ ಹೆಜ್ಜೆ: ಪರೀಕ್ಷೆ ಯಾವಾಗ, ಹೇಗೆ

ಸುಸ್ತು, ಕಾರಣವಿಲ್ಲದೆ ಏರುವ ತೂಕ, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣ ಚರ್ಮ, ಹೆಚ್ಚು ಹೋಗುವ ಮುಟ್ಟು, ಮಂಕು ಕವಿದ ಮನಸ್ಸು: ಇವು ಹಾರ್ಮೋನು ಕಡಿಮೆಯಾದಾಗಿನ ಲಕ್ಷಣಗಳು. ಹೆಚ್ಚಾದರೆ ಇದಕ್ಕೆ ತಿರುಗುಮುರುಗು: ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ, ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಸೆಕೆ ಸಹಿಸಲಾಗುವುದಿಲ್ಲ. ಇವುಗಳಲ್ಲಿ ಹಲವು ರಕ್ತಹೀನತೆಯಿಂದಲೂ ನಿದ್ದೆಗೇಡಿನಿಂದಲೂ ಬರುತ್ತವೆ. ಲಕ್ಷಣ ನೋಡಿ ಊಹಿಸುವುದು ಬೇಡ, ರಕ್ತಪರೀಕ್ಷೆ ಮಾಡಿಸಿ. ಮಗು ಬಯಸುತ್ತಿರುವವರು, ಪದೇ ಪದೇ ಗರ್ಭಪಾತ ಆದವರು, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆ ಇರುವವರು, ಕೊಲೆಸ್ಟರಾಲ್ ದಿಢೀರನೆ ಏರಿದವರು, ಎತ್ತರ ಬೆಳೆಯುವುದು ನಿಂತುಹೋದ ಮಕ್ಕಳು ಇವರೆಲ್ಲರ ಪರೀಕ್ಷೆ ತಡವಾಗಬಾರದು.

ಮನೆಯಲ್ಲೇ ಒಂದು ಕೆಲಸ ಮಾಡಬಹುದು. ಕನ್ನಡಿಯ ಮುಂದೆ ನಿಂತು, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಒಂದು ಗುಟುಕು ನೀರು ನುಂಗಿ. ಥೈರಾಯ್ಡ್ ನುಂಗುವಾಗ ಮೇಲಕ್ಕೆ ಸರಿದು ಇಳಿಯುತ್ತದೆ. ಗಂಟಲಮಣಿಯ ಕೆಳಗೆ ಉಬ್ಬೋ ಗಂಟೋ ಮೇಲೆ ಕೆಳಗೆ ಆಡಿದಂತೆ ಕಂಡರೆ ವೈದ್ಯರಿಗೆ ತೋರಿಸಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ಆದರೂ ಸ್ಕ್ಯಾನ್ ನೋಡಿಯೇ ನಿರ್ಧರಿಸಬೇಕು.

ಬರಿಯ ಟಿಎಸ್‌ಎಚ್ (ಥೈರಾಯ್ಡ್ ಹೇಗಿದೆ ಎಂದು ಹೇಳುವ ಮುಖ್ಯ ಅಂಕಿ, ವಿವರ ಮುಂದಿನ ಹೆಜ್ಜೆಯಲ್ಲಿ) ಪರೀಕ್ಷೆಗೆ ಉಪವಾಸ ಬೇಕಿಲ್ಲ. ಆದರೆ ಈ ಅಂಕಿ ರಾತ್ರಿಯಿಂದ ನಸುಕಿನವರೆಗೆ ಹೆಚ್ಚಿದ್ದು ಮಧ್ಯಾಹ್ನಕ್ಕೆ ಇಳಿಯುತ್ತದೆ. ಪ್ರತಿಸಲ ಒಂದೇ ಹೊತ್ತಿಗೆ, ಆದಷ್ಟೂ ಒಂದೇ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಹಿಂದಿನದಕ್ಕೆ ಹೋಲಿಸಿ ನೋಡಬಹುದು. ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಇನ್ನೊಂದು ಎಚ್ಚರಿಕೆ ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರಿಗೆ. ಹಲವು ಲ್ಯಾಬುಗಳ ಪರೀಕ್ಷಾ ವಿಧಾನವನ್ನೇ ಬಯೋಟಿನ್ ತಪ್ಪಿಸಿಬಿಡುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಹೆಚ್ಚು ಎಂದು ಕಾಣಿಸುತ್ತದೆ. ಥೈರಾಯ್ಡ್ ಕಡಿಮೆಯಾಗಿ ಕೂದಲು ಉದುರಿ, ಅದಕ್ಕೆ ಬಯೋಟಿನ್ ನುಂಗಿ, ಆ ಬಯೋಟಿನ್‌ನಿಂದ ಥೈರಾಯ್ಡ್ ಹೆಚ್ಚಾಗಿದೆ ಎಂಬ ರಿಪೋರ್ಟ್ ಬಂದರೆ ಎಂಥ ಅನಾಹುತ! ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ, ಲ್ಯಾಬಿನವರಿಗೂ ವೈದ್ಯರಿಗೂ ತಿಳಿಸಿ.

ಮೂರನೆಯ ಹೆಜ್ಜೆ: ರಿಪೋರ್ಟ್ ಓದುವುದು

ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿ. “ಟಿಎಸ್‌ಎಚ್ ಜಾಸ್ತಿ ಬಂದಿದೆ, ಥೈರಾಯ್ಡ್ ಜಾಸ್ತಿಯಾಗಿದೆ” ಎಂದುಕೊಳ್ಳುತ್ತಾರೆ. ಅರ್ಥ ಅದರ ವಿರುದ್ಧ. ಟಿಎಸ್‌ಎಚ್ ಥೈರಾಯ್ಡ್‌ನ ಹಾರ್ಮೋನೇ ಅಲ್ಲ. ಮಿದುಳಿನ ತಳದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕೂಗಿ ಹೇಳುವ ಮಾತು. ಗದ್ದೆಯ ಆಚೆ ಬದುವಿನಲ್ಲಿ ಕೆಲಸ ಮಾಡುತ್ತಿರುವವರನ್ನು ಕರೆಯುವುದನ್ನು ನೆನೆಸಿಕೊಳ್ಳಿ. ಒಂದೇ ಕೂಗಿಗೆ ಓಗೊಟ್ಟರೆ ದನಿ ಏರಿಸಬೇಕಿಲ್ಲ. ಉತ್ತರ ಬಾರದಿದ್ದರೆ ದನಿ ಏರುತ್ತಾ ಹೋಗುತ್ತದೆ. ಥೈರಾಯ್ಡ್ ಸೊರಗಿದಾಗ ಪಿಟ್ಯುಟರಿ ಜೋರಾಗಿ ಕೂಗುತ್ತದೆ, ಟಿಎಸ್‌ಎಚ್ ಏರುತ್ತದೆ. ಥೈರಾಯ್ಡ್ ಮಿತಿಮೀರಿ ದುಡಿಯುತ್ತಿದ್ದರೆ ಪಿಟ್ಯುಟರಿ ಬಾಯಿ ಮುಚ್ಚುತ್ತದೆ, ಟಿಎಸ್‌ಎಚ್ ಪಾತಾಳಕ್ಕಿಳಿಯುತ್ತದೆ.

ದೊಡ್ಡವರಲ್ಲಿ ಸಾಮಾನ್ಯವಾಗಿ 0.4ರಿಂದ 4ರ ಸುಮಾರು ಇದ್ದರೆ ಸರಿ ಎನ್ನುತ್ತಾರೆ. ನಿಮ್ಮ ಲ್ಯಾಬ್ ಪಕ್ಕದಲ್ಲಿ ಅಚ್ಚು ಮಾಡಿರುವ ಮಿತಿಯನ್ನೇ ನೋಡಿ. ವಯಸ್ಸಾದಂತೆ ಈ ಅಂಕಿ ತುಸು ಮೇಲಕ್ಕೆ ಸರಿಯುವುದು ಸಹಜ. ಟಿ4 ಸ್ವಲ್ಪವೇ ಕುಗ್ಗಿದರೂ ಪಿಟ್ಯುಟರಿಯ ದನಿ ಹಲವು ಪಟ್ಟು ಏರುತ್ತದೆ, ಆದ್ದರಿಂದ 5 ಇದ್ದದ್ದು 8 ಆಯಿತೆಂದು ಕಾಯಿಲೆಯೂ ಅಷ್ಟೇ ಪಾಲು ಹೆಚ್ಚಿದೆ ಎಂದು ಕಂಗಾಲಾಗಬೇಡಿ. ಟಿಎಸ್‌ಎಚ್ 10ರ ಒಳಗಿದ್ದು ಟಿ4 ಸರಿಯಾಗಿದ್ದರೆ ವೈದ್ಯರು ಹಲವು ಸಲ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎನ್ನುತ್ತಾರೆ. ಅದು ಉದಾಸೀನವಲ್ಲ, ಜ್ವರ ಅಥವಾ ಬೇರೆ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಏರಿದ ಅಂಕಿ ತಾನಾಗಿ ಇಳಿಯುವುದೂ ಉಂಟು. 10 ದಾಟಿದರೆ ಸಾಮಾನ್ಯವಾಗಿ ಮಾತ್ರೆ ಶುರುವಾಗುತ್ತದೆ. ಟಿ4 ನೋಡುವಾಗ ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಟಿ4) ಎಂಬುದನ್ನೇ ಕೇಳಿ ಮಾಡಿಸಿ. ಒಟ್ಟು ಟಿ4 ಬಸುರಿನಲ್ಲಿ, ಗರ್ಭನಿರೋಧಕ ಗುಳಿಗೆ ನುಂಗುವಾಗ ಸುಮ್ಮನೆ ಏರಿ ಕಾಣುತ್ತದೆ. ಆಂಟಿ ಟಿಪಿಒ ಪರೀಕ್ಷೆ, ದೇಹವೇ ತನ್ನ ಗ್ರಂಥಿಯ ಮೇಲೆ ತಿರುಗಿಬಿದ್ದಿದೆಯೇ ಎಂದು ಹೇಳುತ್ತದೆ. ಹಾಗೆ ತಿರುಗಿಬೀಳುವ ಕಾಯಿಲೆಗೆ ಅದನ್ನು 1912ರಲ್ಲಿ ವಿವರಿಸಿದ ಜಪಾನಿನ ವೈದ್ಯ ಹಕಾರು ಹಶಿಮೊಟೊ ಅವರ ಹೆಸರಿದೆ. ಈ ಪರೀಕ್ಷೆ ಒಮ್ಮೆ ಪಾಸಿಟಿವ್ ಬಂದರೆ ಸಾಕು, ಪ್ರತಿಸಲ ಅದಕ್ಕೆ ಹಣ ಸುರಿಯಬೇಕಾಗಿಲ್ಲ.

ಕೂಗುವವರ ದನಿಯೇ ಬಿದ್ದುಹೋದರೆ? ಇದು ಅಪರೂಪ, ಆದರೆ ಹೇಳದೆ ಬಿಡಲಾರೆ. ಹೆರಿಗೆಯಲ್ಲಿ ತುಂಬ ರಕ್ತ ಹೋದ ಕೆಲವು ತಾಯಂದಿರಲ್ಲಿ ಪಿಟ್ಯುಟರಿಯೇ ಒಣಗುತ್ತದೆ. ಇದಕ್ಕೆ ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಅವರಿಗೆ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ವರ್ಷಗಟ್ಟಲೆ ನಿಶ್ಶಕ್ತಿ. ಟಿಎಸ್‌ಎಚ್ ಮಾತ್ರ ನೋಡಿದರೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ; ಟಿ4 ನೋಡಿದರೆ ಕುಸಿದಿರುತ್ತದೆ. ಇಂಥವರಿಗೆ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಕೊರತೆಯನ್ನು ಮೊದಲು ತುಂಬಿ ಆಮೇಲೆ ಥೈರಾಯ್ಡ್ ಮಾತ್ರೆ ಕೊಡಬೇಕು, ಹಿಂದುಮುಂದಾದರೆ ಜೀವಕ್ಕೇ ಅಪಾಯ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ “ಆ ಹೆರಿಗೆಯ ನಂತರ ಅವಳು ಏಳಲೇ ಇಲ್ಲ” ಎಂದು ಯಾರ ಬಗ್ಗೆಯಾದರೂ ಹೇಳುತ್ತಿದ್ದರೆ, ದಯವಿಟ್ಟು ಹಾರ್ಮೋನು ತಜ್ಞರ ಬಳಿಗೆ ಕರೆದೊಯ್ಯಿರಿ.

ನಾಲ್ಕನೆಯ ಹೆಜ್ಜೆ: ಬೆಳಗಿನ ಆ ಒಂದು ಗಂಟೆ

ಮಾತ್ರೆಯ ಶೀಷೆ ಮತ್ತು ಒಂದು ಲೋಟ ನೀರು ಹಾಸಿಗೆಯ ಪಕ್ಕದಲ್ಲೇ ಇರಲಿ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನ ಜೊತೆ ನುಂಗಿ. ಆಮೇಲೆ ಕಡಿಮೆಯೆಂದರೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಕಾಫಿ, ಟೀ, ಹಾಲು, ತಿಂಡಿ ಏನೂ ಬೇಡ. ಕಾಫಿಯು ಮಾತ್ರೆಯನ್ನು ಕರುಳಿನಲ್ಲಿ ಸರಿಯಾಗಿ ಹೀರಲು ಬಿಡುವುದಿಲ್ಲ. ಹಾಲಿನ ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಫಿಲ್ಟರ್ ಕಾಫಿಯಲ್ಲಿ ಎರಡೂ ಇವೆ.

ಇದು ಹೇಳಿದಷ್ಟು ಸುಲಭವಲ್ಲ ಎಂದು ನನಗೆ ಗೊತ್ತು. ಎದ್ದ ಹತ್ತು ನಿಮಿಷಕ್ಕೆ ಡಿಕಾಕ್ಷನ್ ವಾಸನೆ ಬಾರದಿದ್ದರೆ ಅಮ್ಮನಿಗೆ ಬೆಳಗಾದಂತೆಯೇ ಅಲ್ಲ. ಕೊನೆಗೆ ನಾವು ಮಾಡಿದ್ದು ಇಷ್ಟು: ನಾಲ್ಕೂವರೆಗೆ ಬಾತ್‌ರೂಮಿಗೆ ಏಳುವ ಅಭ್ಯಾಸ ಅವರಿಗಿತ್ತು. ಆಗಲೇ ಮಾತ್ರೆ ನುಂಗಿ ಮತ್ತೆ ಮಲಗುತ್ತಾರೆ, ಆರು ಗಂಟೆಗೆ ನೆಮ್ಮದಿಯ ಕಾಫಿ. ಹಳ್ಳಿಯಲ್ಲಿ ಹಾಲು ಕರೆಯಲು ನಸುಕಿನಲ್ಲೇ ಏಳುವವರು ಕೊಟ್ಟಿಗೆಗೆ ಹೋಗುವ ಮುನ್ನ ನುಂಗಿದರೆ, ಹಾಲು ಡೈರಿಗೆ ಹಾಕಿ ಬರುವಷ್ಟರಲ್ಲಿ ಗಂಟೆ ಕಳೆದಿರುತ್ತದೆ. ವಾಕಿಂಗ್ ಹೋಗುವವರಿಗೆ ವಾಕಿಂಗೇ ಗಡಿಯಾರ. ರಾತ್ರಿ ಪಾಳಿಯವರಿಗೆ, ರಂಜಾನ್ ಉಪವಾಸ ಮಾಡುವವರಿಗೆ, ಬೆಳಿಗ್ಗೆ ಯಾವುದಕ್ಕೂ ಪುರುಸೊತ್ತಿಲ್ಲದವರಿಗೆ ಮಲಗುವ ಹೊತ್ತೂ ಆಗುತ್ತದೆ. ಆದರೆ ಊಟವಾಗಿ ಮೂರು ಗಂಟೆ ಕಳೆದಿರಬೇಕು. ವೈದ್ಯರಿಗೆ ತಿಳಿಸಿ ಒಂದು ಹೊತ್ತನ್ನು ಆರಿಸಿಕೊಳ್ಳಿ, ಅದನ್ನೇ ಹಿಡಿದುಕೊಳ್ಳಿ. ಶ್ರಾವಣ ಸೋಮವಾರ, ಏಕಾದಶಿಯೆಂದು ಮಾತ್ರೆ ಬಿಡಬೇಡಿ. ಹೇಗೂ ಹೊಟ್ಟೆ ಖಾಲಿಯಿರುತ್ತದೆ, ಮಾತ್ರೆಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್‌ಗೂ ಹಾಗೆಯೇ. ಗ್ಯಾಸ್ಟ್ರಿಕ್ ಎಂದು ದಿನವೂ ಮಾತ್ರೆ ತೆಗೆದುಕೊಳ್ಳುವವರು ಅದನ್ನು ವೈದ್ಯರ ಗಮನಕ್ಕೆ ತನ್ನಿ, ಹೊಟ್ಟೆಯ ಆಮ್ಲ ತಗ್ಗಿದರೂ ಮಾತ್ರೆ ಹೀರುವುದು ಕುಂದುತ್ತದೆ. ರಾಗಿ ಬಿಡಬೇಕೇ ಎಂದು ಕೇಳುತ್ತಾರೆ. ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆಗೆ ಅದು ಬೇಕು. ಬೆಳಗಿನ ರಾಗಿ ಗಂಜಿಯನ್ನು ಮಾತ್ರೆಯ ಬೆನ್ನಿಗೇ ಕುಡಿಯದೆ ತಡವಾಗಿ ಕುಡಿಯಿರಿ. ಮಧ್ಯಾಹ್ನದ ಮುದ್ದೆಗಂತೂ ಯಾವ ಅಡ್ಡಿಯೂ ಇಲ್ಲ. ಕೋಸು, ಹೂಕೋಸು, ನವಿಲುಕೋಸು ಬೇಯಿಸಿ ಮಿತವಾಗಿ ತಿಂದರೆ, ಉಪ್ಪಿನಲ್ಲಿ ಅಯೋಡಿನ್ ಇದ್ದರೆ, ಹೆದರಬೇಕಿಲ್ಲ. ಪಥ್ಯದ ಹೆಸರಿನಲ್ಲಿ ತಟ್ಟೆಯಿಂದ ಒಂದೊಂದೇ ತರಕಾರಿ ಮಾಯವಾಗುವುದನ್ನು ನೋಡಿದ್ದೇನೆ, ಅದರಿಂದ ಆಗುವ ಲಾಭ ಏನೂ ಇಲ್ಲ. ಕೊತ್ತಂಬರಿ ಬೀಜದ ನೀರು ಕುಡಿಯುವವರು ಗಂಟೆ ಕಳೆದ ಮೇಲೆ ಕುಡಿಯಿರಿ. ಅದು ಮಾತ್ರೆಯ ಬದಲಿ ಆಗುವುದಿಲ್ಲ. ಸರ್ವಾಂಗಾಸನವೂ ಆಗುವುದಿಲ್ಲ.

ಶೀಷೆಯನ್ನು ಅಡುಗೆಮನೆಯ ಬಿಸಿಯಲ್ಲೂ ಬಾತ್‌ರೂಮಿನ ತೇವದಲ್ಲೂ ಇಡಬೇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ಬಿಗಿಯಾಗಿರಲಿ. ಔಷಧಿ ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟರೆ, ಮೈಕ್ರೋಗ್ರಾಂ ಒಂದೇ ಇದ್ದರೂ, ವೈದ್ಯರಿಗೆ ತಿಳಿಸಿ. ಒಂದು ದಿನ ಮರೆತರೆ ಗಾಬರಿ ಬೇಡ. ಟಿ4ನ ಅರ್ಧದಷ್ಟು ರಕ್ತದಿಂದ ಕರಗಲು ಸುಮಾರು ಏಳು ದಿನ ಬೇಕು. ಅದೇ ದಿನ ನೆನಪಾದರೆ, ಹೊಟ್ಟೆ ಖಾಲಿಯಿದ್ದಾಗ ನುಂಗಿ. ವೈದ್ಯರು ಹೇಳದೆ ಮರುದಿನ ಎರಡು ನುಂಗಬೇಡಿ.

ಐದನೆಯ ಹೆಜ್ಜೆ: ಆರು ವಾರ ಕಾಯುವುದು

ಅರ್ಧ ಕರಗಲು ಏಳು ದಿನ ಬೇಕಾದದ್ದು ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ ತೆಗೆದುಕೊಳ್ಳುತ್ತದೆ. ಹಾಗಾಗಿ ಮಾತ್ರೆ ಶುರುಮಾಡಿದ, ಇಲ್ಲವೇ ಪ್ರಮಾಣ ಬದಲಿಸಿದ ಆರರಿಂದ ಎಂಟು ವಾರಕ್ಕೆ ಮರುಪರೀಕ್ಷೆ. ಹದಿನೈದು ದಿನಕ್ಕೇ ಮಾಡಿಸಿದರೆ ಸಿಗುವುದು ಅರೆಬೆಂದ ಉತ್ತರ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ವೈದ್ಯರು 12.5 ಅಥವಾ 25 ಮೈಕ್ರೋಗ್ರಾಂನಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಬೇಗ ಗುಣವಾಗಲೆಂದು ನಾವೇ ಏರಿಸಿಕೊಳ್ಳಬಾರದು; ಹೆಚ್ಚಾದ ಹಾರ್ಮೋನು ಎದೆಬಡಿತವನ್ನು ಕೆಡಿಸುತ್ತದೆ, ಮೂಳೆಯನ್ನು ಸವೆಸುತ್ತದೆ. ತೂಕ ಇಳಿಸಲೆಂದು ಈ ಮಾತ್ರೆಯನ್ನು ಮುಟ್ಟಲೇಬೇಡಿ.

ನೀವೂ ಅಮ್ಮನ ಹಾಗೆ ಕಾಫಿಯ ಜೊತೆ ನುಂಗುತ್ತಿದ್ದು, ಇದನ್ನು ಓದಿ ನಾಳೆಯಿಂದ ಸರಿಪಡಿಸಿಕೊಳ್ಳುವುದಾದರೆ ಒಂದು ಮಾತು. ಇಲ್ಲಿಯವರೆಗೆ ಪೋಲಾಗುತ್ತಿದ್ದ ಪಾಲೂ ಇನ್ನು ರಕ್ತ ಸೇರುತ್ತದೆ, ಈಗಿನ ಪ್ರಮಾಣ ಹೆಚ್ಚಾಗಬಹುದು. ವೈದ್ಯರಿಗೆ ಮೊದಲೇ ಹೇಳಿ, ಆರು ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಅಮ್ಮನ 125 ಹೀಗೆಯೇ ಎರಡು ಹಂತದಲ್ಲಿ 75ಕ್ಕೆ ಇಳಿಯಿತು.

ಅಂಕಿ ಸರಿಯಾಯಿತೆಂದು ಮಾತ್ರೆ ನಿಲ್ಲಿಸುವುದು ನಾನು ಕಂಡ ಇನ್ನೊಂದು ದೊಡ್ಡ ತಪ್ಪು. ಸರಿಯಾದದ್ದು ಮಾತ್ರೆಯಿಂದ. ಕೆಲವರಲ್ಲಿ, ಹೆರಿಗೆಯ ನಂತರ ಬಂದ ಉರಿಯೂತದಂಥ ಸಂದರ್ಭಗಳಲ್ಲಿ, ಗ್ರಂಥಿ ಚೇತರಿಸಿಕೊಳ್ಳುವುದುಂಟು. ಅದನ್ನು ವೈದ್ಯರೇ ಪರೀಕ್ಷಿಸಿ ಹೇಳಲಿ.

ಬಸುರಿನಲ್ಲಿ

ಮಗುವಿನ ಥೈರಾಯ್ಡ್ ಕೆಲಸ ಶುರುಮಾಡುವುದು ಸುಮಾರು ಹನ್ನೆರಡನೆಯ ವಾರಕ್ಕೆ. ಅಲ್ಲಿಯವರೆಗೆ ಅದರ ಮಿದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದ. ಈಗಾಗಲೇ ಮಾತ್ರೆ ನುಂಗುತ್ತಿರುವವರಿಗೆ ಬಸುರು ನಿಂತ ಕೂಡಲೇ ಸಾಮಾನ್ಯವಾಗಿ ಕಾಲು ಭಾಗದಷ್ಟು ಹೆಚ್ಚು ಬೇಕಾಗುತ್ತದೆ. ಮುಟ್ಟು ತಪ್ಪಿ ಪರೀಕ್ಷೆ ಪಾಸಿಟಿವ್ ಬಂದ ವಾರವೇ ವೈದ್ಯರಿಗೆ ಫೋನ್ ಮಾಡಿ, ಮೂರು ತಿಂಗಳಾಗಲಿ ಎಂದು ಕಾಯಬೇಡಿ. ವಾಂತಿಯಾಗುತ್ತದೆಂದು ಮಾತ್ರೆ ನಿಲ್ಲಿಸಲೂಬೇಡಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆ ಒಂದೇ ಹಿಡಿಯಲ್ಲಿ ನುಂಗಿ ಮುಗಿಸುವವರಿದ್ದಾರೆ. ಬೇರೆ ಮಾಡಿ: ಬೆಳಿಗ್ಗೆ ಥೈರಾಯ್ಡ್, ಮಧ್ಯಾಹ್ನದ ಊಟದ ಜೊತೆ ಕ್ಯಾಲ್ಸಿಯಂ, ರಾತ್ರಿ ಕಬ್ಬಿಣ.

ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ತೆಗೆದ ಒಂದೆರಡು ಹನಿ ರಕ್ತದಲ್ಲಿ ಟಿಎಸ್‌ಎಚ್ ನೋಡಬಹುದು. ಥೈರಾಯ್ಡ್ ಇಲ್ಲದೆಯೇ ಹುಟ್ಟಿದ ಮಗು ಮೊದಲ ದಿನಗಳಲ್ಲಿ ಎಲ್ಲ ಮಕ್ಕಳಂತೆಯೇ ಕಾಣುತ್ತದೆ. ಎರಡು ವಾರದ ಒಳಗೆ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆ ಉಳಿಯುತ್ತದೆ. ತಿಂಗಳುಗಳು ಕಳೆದರೆ ಆದ ನಷ್ಟವನ್ನು ತುಂಬಿಕೊಡಲಾಗುವುದಿಲ್ಲ. ಡಿಸ್ಚಾರ್ಜ್ ಆಗುವ ಮುನ್ನ “ಮಗುವಿನ ಟಿಎಸ್‌ಎಚ್ ನೋಡಿದಿರಾ?” ಎಂದು ಕೇಳಲು ಸಂಕೋಚ ಬೇಡ. ನಮ್ಮ ಆಸ್ಪತ್ರೆಗಳಲ್ಲೆಲ್ಲ ಇದು ಕೇಳದೆಯೇ ಆಗುವಂತಾಗಬೇಕೆಂದು ನನ್ನ ಆಸೆ.

ಉಪ್ಪಿನ ಡಬ್ಬಿ

ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ 1956ರಲ್ಲಿ ಶುರುವಾದ ಅಧ್ಯಯನದಲ್ಲಿ ಅಯೋಡಿನ್ ಬೆರೆಸಿದ ಉಪ್ಪು ತಿಂದ ಊರುಗಳಲ್ಲಿ, ಅಯೋಡಿನ್ ಸಾಲದೆ ಥೈರಾಯ್ಡ್ ಊದಿಕೊಳ್ಳುವ ಗಳಗಂಡ ಇಳಿಯಿತು. 1962ರಲ್ಲಿ ಸರ್ಕಾರದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು, ಬಸುರಿಯರಿಗೆ 250. ಈಗ ಆರೋಗ್ಯಕ್ಕೆ ಒಳ್ಳೆಯದೆಂದು ಹಲವು ಮನೆಗಳು ಕಲ್ಲುಪ್ಪು, ಸೈಂಧವ ಲವಣ, ಗುಲಾಬಿ ಉಪ್ಪಿಗೆ ತಿರುಗಿವೆ. ಇವುಗಳಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಉಪ್ಪಿನಕಾಯಿಗೆ ಕಲ್ಲುಪ್ಪು ಇರಲಿ, ದಿನದ ಅಡುಗೆಗೆ ನಗುವ ಸೂರ್ಯನ ಗುರುತಿರುವ ಪೊಟ್ಟಣದ ಉಪ್ಪನ್ನೇ ಬಳಸಿ. ಡಬ್ಬಿ ಒಲೆಯಿಂದ ದೂರವಿರಲಿ, ಮುಚ್ಚಿರಲಿ. ಸಾರು ಇಳಿಸುವ ಮುನ್ನ ಉಪ್ಪು ಹಾಕಿದರೆ ಅಯೋಡಿನ್ ಹೆಚ್ಚು ಉಳಿಯುತ್ತದೆ. ಹಾಗೆಂದು ಅಯೋಡಿನ್ ಮಾತ್ರೆ, ಕಡಲಪಾಚಿಯ ಪುಡಿ ನುಂಗಬೇಡಿ, ಅತಿಯಾದರೂ ಗ್ರಂಥಿ ಕೆಡುತ್ತದೆ.

ತಡಮಾಡದೆ ಓಡಬೇಕಾದ ಹೊತ್ತು

ಥೈರಾಯ್ಡ್ ಹಾರ್ಮೋನು ಹೆಚ್ಚಾಗಿದ್ದು, ಅದನ್ನು ತಗ್ಗಿಸಲು ಕಾರ್ಬಿಮಜೋಲ್‌ನಂಥ ಮಾತ್ರೆ ನುಂಗುತ್ತಿರುವವರಿಗೆ ಜ್ವರ, ಗಂಟಲುನೋವು, ಬಾಯಿಹುಣ್ಣು ಬಂದರೆ ಆ ಮಾತ್ರೆ ನಿಲ್ಲಿಸಿ ಅದೇ ದಿನ ಬಿಳಿ ರಕ್ತಕಣದ ಪರೀಕ್ಷೆ ಮಾಡಿಸಬೇಕು. ಅಪರೂಪಕ್ಕೆ ಆ ಔಷಧಿ ಬಿಳಿಕಣಗಳೇ ಕುಸಿಯುವಂತೆ ಮಾಡುತ್ತದೆ. ಎದೆನೋವು, ನಿಲ್ಲದ ಎದೆಬಡಿತ, ಮಾತ್ರೆ ಬಿಟ್ಟ ವೃದ್ಧರು ಮೈ ತಣ್ಣಗಾಗಿ ಮಂಪರಿಗೆ ಜಾರುವುದು, ಕುತ್ತಿಗೆಯ ಊತದಿಂದ ಉಸಿರು ಕಟ್ಟುವುದು ಇವೆಲ್ಲ ತುರ್ತು ಚಿಕಿತ್ಸೆಯ ಸಂದರ್ಭಗಳು.

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಎಷ್ಟು ಮೈಕ್ರೋಗ್ರಾಂ, ಟಿಎಸ್‌ಎಚ್ ಎಷ್ಟು, ಯಾವ ಲ್ಯಾಬ್, ಜೊತೆಗೆ ಬೇರೆ ಯಾವ ಮಾತ್ರೆಗಳು. ವೈದ್ಯರು ಬದಲಾದರೂ ಅದು ನಿಮ್ಮ ಜೊತೆ ಬರುತ್ತದೆ. ಅಮ್ಮನ ಪುಸ್ತಕದಲ್ಲಿ ಇನ್ನೊಂದು ಸಾಲೂ ಇರುತ್ತದೆ: ಮಾತ್ರೆ ನುಂಗಿದ್ದು ಎಷ್ಟು ಗಂಟೆಗೆ, ಕಾಫಿ ಕುಡಿದದ್ದು ಎಷ್ಟು ಗಂಟೆಗೆ.